ಒಂದಕ್ಷರದ ಹಿಂದಿನ ಲೆಕ್ಕ: ಟೆಕ್ಸಾಸ್ ಸರ್ಕಾರದ ಶಾಲಾ ಶ್ರೇಣಿ ಜಾಲತಾಣ

ಅಮೆರಿಕದ ಟೆಕ್ಸಾಸ್‌ನಲ್ಲಿ ಮಗು ಯಾವ ಸರ್ಕಾರಿ ಶಾಲೆಗೆ ಸೇರುತ್ತದೆ ಎಂಬುದನ್ನು ಬಹುಮಟ್ಟಿಗೆ ಮನೆಯ ವಿಳಾಸವೇ ನಿರ್ಧರಿಸುವುದರಿಂದ, ಮನೆ ಹುಡುಕುವ ಕನ್ನಡ ಕುಟುಂಬಗಳ ಮಾತುಕತೆಯಲ್ಲಿ ಬಾಡಿಗೆಗಿಂತ ಮೊದಲು ಶಾಲೆಯ ಶ್ರೇಣಿ ಬರುತ್ತದೆ. ಆ ಶ್ರೇಣಿಗಳನ್ನು ಪ್ರಕಟಿಸಲು ರಾಜ್ಯದ ಶಿಕ್ಷಣ ಇಲಾಖೆ ನಡೆಸುವ ಈ ಜಾಲತಾಣವನ್ನು, ಒಂದನೇ ತರಗತಿಯ ಮಗಳಿಗಾಗಿ, ನಾನೂ ಕೆಲವು ವಾರ ಬಳಸಿದೆ.

ಬಳಕೆ ಸರಳ. ಶಾಲೆಯ ಹೆಸರು ಕೊಟ್ಟರೆ ‘ಎ’ಯಿಂದ ‘ಎಫ್’ವರೆಗಿನ ಒಂದಕ್ಷರ ಮತ್ತು ನೂರಕ್ಕೆ ಇಷ್ಟು ಎಂಬ ಅಂಕ ಕಾಣಿಸುತ್ತವೆ. ಆದರೆ ಉಪಯುಕ್ತವಾದದ್ದೆಲ್ಲ ಆ ಅಕ್ಷರದ ಕೆಳಗಿದೆ. ಕಲಿಕೆಯ ಸಾಧನೆ, ಪ್ರಗತಿ, ವಿದ್ಯಾರ್ಥಿ ಗುಂಪುಗಳ ನಡುವಿನ ಅಂತರವನ್ನು ತಗ್ಗಿಸಿದ ಬಗೆ ಎಂಬ ಮೂರು ವಿಭಾಗಗಳಲ್ಲಿ, ಮೊದಲೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ 70 ಶೇಕಡಾ, ಮೂರನೆಯದಕ್ಕೆ 30 ಶೇಕಡಾ ತೂಕವಿದೆ. ಹೀಗಾಗಿ ಒಂದು ಶಾಲೆ ಮಕ್ಕಳ ಹೆಚ್ಚು ಅಂಕಗಳಿಂದ ‘ಎ’ ಪಡೆದಿರಬಹುದು, ಇನ್ನೊಂದು ಹಿಂದುಳಿದಿದ್ದ ಮಕ್ಕಳನ್ನು ಮೇಲೆತ್ತಿ ಅದೇ ‘ಎ’ ಪಡೆದಿರಬಹುದು. ಮೊದಲ ಪುಟದಲ್ಲಿ ಎರಡೂ ಒಂದೇ. ಪ್ರಗತಿ ವಿಭಾಗದೊಳಗೆ ಬಡ ಮಕ್ಕಳ ಪ್ರಮಾಣ ಸಮಾನವಾಗಿರುವ ಶಾಲೆಗಳೊಡನೆ ಮಾಡಿದ ಹೋಲಿಕೆಯೂ ಇದ್ದು, ನನ್ನ ಮಟ್ಟಿಗೆ ಈ ಜಾಲತಾಣದ ಅತ್ಯಂತ ಪ್ರಾಮಾಣಿಕ ಭಾಗ ಅದೇ. ನಮ್ಮ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಜಿಲ್ಲೆಗಳನ್ನು ಮೇಲಿಂದ ಕೆಳಕ್ಕೆ ಸಾಲಾಗಿ ನಿಲ್ಲಿಸುವ ಪಟ್ಟಿಗೆ ಇಂಥದೊಂದು ಹೋಲಿಕೆ ಸೇರಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು.

ದೊಡ್ಡ ಕೊರತೆ ಚಿಕ್ಕ ಮಕ್ಕಳ ವಿಷಯದಲ್ಲಿದೆ. ಪ್ರಾಥಮಿಕ ಶಾಲೆಯ ಶ್ರೇಣಿ ನಿಂತಿರುವುದು ರಾಜ್ಯಮಟ್ಟದ ‘ಸ್ಟಾರ್’ ಪರೀಕ್ಷೆಯ ಮೇಲೆ. ಆ ಪರೀಕ್ಷೆ ಆರಂಭವಾಗುವುದು ಮೂರನೇ ತರಗತಿಯಲ್ಲಿ. ಒಂದನೇ ತರಗತಿಯಲ್ಲಿ ಓದು ಕಲಿಸುವ ಶಿಕ್ಷಕಿಯ ಕುರಿತು ಆ ಅಕ್ಷರ ನೇರವಾಗಿ ಏನನ್ನೂ ಹೇಳುವುದಿಲ್ಲ.

ಇನ್ನೊಂದು ತೊಡಕು, ಅಳತೆಗೋಲೇ ಬದಲಾಗುತ್ತಿರುವುದು. 1990ರ ದಶಕದಲ್ಲಿ ಇಲ್ಲಿ ಶಾಲೆಗಳನ್ನು ‘ಅತ್ಯುತ್ತಮ’ದಿಂದ ‘ಕಳಪೆ’ವರೆಗಿನ ಪದಗಳಿಂದ ಗುರುತಿಸುತ್ತಿದ್ದರು. 2002ರಲ್ಲಿ ಬಂದ ಒಕ್ಕೂಟ ಸರ್ಕಾರದ ಕಾಯ್ದೆ 2014ರೊಳಗೆ ಎಲ್ಲ ಮಕ್ಕಳೂ ನಿಗದಿತ ಮಟ್ಟ ಮುಟ್ಟಬೇಕೆಂದು ಬಯಸಿ, ಕೈಗೂಡದೆ, 2015ರ ಹೊಸ ಕಾಯ್ದೆಗೆ ದಾರಿ ಬಿಟ್ಟಿತು. ಟೆಕ್ಸಾಸ್ 2017ರಲ್ಲಿ ಈಗಿನ ಅಕ್ಷರ ಪದ್ಧತಿಗೆ ಕಾನೂನು ಮಾಡಿತು. 2023ರಲ್ಲಿ, ಪ್ರೌಢಶಾಲೆಗಳ ಶ್ರೇಣಿಯಲ್ಲಿ ಲೆಕ್ಕಕ್ಕೆ ಬರುವ ಕಾಲೇಜು ಮತ್ತು ಉದ್ಯೋಗ ಸಿದ್ಧತೆಯಲ್ಲಿ ‘ಎ’ ಪಡೆಯಲು ಬೇಕಾದ ಮಿತಿಯನ್ನು 60ರಿಂದ 88ಕ್ಕೆ ಏರಿಸಿದಾಗ ಹಲವು ಶಾಲಾ ಜಿಲ್ಲೆಗಳು (ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತಗಳು) ನ್ಯಾಯಾಲಯಕ್ಕೆ ಹೋದವು. ಆ ವರ್ಷದ ಶ್ರೇಣಿಗಳು ಹೊರಬಂದದ್ದು 2025ರ ಏಪ್ರಿಲ್‌ನಲ್ಲಿ. ಆದ್ದರಿಂದ 2022ರ ‘ಎ’ ಪ್ರೌಢಶಾಲೆ ಮರುವರ್ಷ ‘ಬಿ’ ಆಗಿದ್ದರೆ ಬೋಧನೆ ಕೆಟ್ಟಿತೆಂದು ತೀರ್ಮಾನಿಸುವುದು ಅವಸರವಾದೀತು.

ಅಂಕಿಅಂಶಗಳ ವಿವರಕ್ಕೆ ಐದಕ್ಕೆ ನಾಲ್ಕು, ಮೊದಲ ಪುಟಕ್ಕೆ ಎರಡು ಕೊಡುತ್ತೇನೆ. ನಾವು ಕೊನೆಗೆ ಮನೆ ಹಿಡಿದದ್ದು, ಪ್ರಗತಿಯ ಅಂಕ ಸಾಧನೆಯ ಅಂಕಕ್ಕಿಂತ ಮೇಲಿದ್ದ ಒಂದು ‘ಬಿ’ ಶಾಲೆಯ ವ್ಯಾಪ್ತಿಯಲ್ಲಿ.