ಹೂವಿಲ್ಲದ ಮರದ ಹೆಸರು ಹುಡುಕಲು ಪ್ಲಾಂಟ್‌ನೆಟ್: ಒಂದು ವಿಮರ್ಶೆ

ಬೋನ್ಸಾಯ್ (ಕುಂಡದಲ್ಲಿ ಬೆಳೆಸುವ ಕುಬ್ಜ ಮರ) ಮಾಡಲೆಂದು ಕಾಡಿನಿಂದ ಬೇರುಸಹಿತ ಎತ್ತಿ ತಂದು ಕುಂಡಕ್ಕೆ ಕೂರಿಸಿದ ಮರ ಹೂವು ಬಿಡಲು ವರ್ಷಗಳೇ ಹಿಡಿಯಬಹುದಾದ್ದರಿಂದ, ಅದರ ಹೆಸರನ್ನು ಎಲೆ ಮತ್ತು ತೊಗಟೆಯಿಂದಲೇ ಪತ್ತೆಹಚ್ಚಬೇಕಾಗುತ್ತದೆ. ಈ ಕೆಲಸಕ್ಕೆ, ಗಿಡಮರಗಳ ಚಿತ್ರದಿಂದ ಹೆಸರು ಸೂಚಿಸುವ ಪ್ಲಾಂಟ್‌ನೆಟ್ ಆ್ಯಪ್ ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದನ್ನಷ್ಟೇ ಇಲ್ಲಿ ನೋಡಿದ್ದೇನೆ. ಫ್ರಾನ್ಸಿನ ಸಂಶೋಧನಾ ಸಂಸ್ಥೆಗಳು 2009ರಲ್ಲಿ ಆರಂಭಿಸಿದ ಯೋಜನೆಯಿಂದ ಹುಟ್ಟಿ, 2013ರಲ್ಲಿ ಮೊಬೈಲಿಗೆ ಬಂದ ಈ ಆ್ಯಪ್ ಉಚಿತವಾಗಿ ದೊರೆಯುತ್ತದೆ.

ಚಿತ್ರವು ಎಲೆಯದೋ, ತೊಗಟೆಯದೋ, ಇಡೀ ಮರದ್ದೋ ಎಂದು ಸೂಚಿಸಿ, ಒಂದೇ ಮರದ ಹಲವು ಚಿತ್ರಗಳನ್ನು ಒಟ್ಟಿಗೆ ಕೊಡಬಹುದು. ಉತ್ತರವಾಗಿ ಶೇಕಡಾವಾರು ಅಂಕಗಳಿರುವ ಹೆಸರುಗಳ ಪಟ್ಟಿ ಬರುತ್ತದೆ. ಮೊದಲ ಹೆಸರನ್ನು ಮಾತ್ರ ಓದಿ ಮುಚ್ಚಿಬಿಡುವವರಿಗೆ ಇದರ ಅರ್ಧ ಉಪಯೋಗವೂ ಆಗದು. ಮೇಲಿನ ನಾಲ್ಕೈದು ಹೆಸರುಗಳು ಒಂದೇ ಕುಲಕ್ಕೆ, ಎಂದರೆ ಹತ್ತಿರದ ಪ್ರಭೇದಗಳ ಗುಂಪಿಗೆ, ಸೇರಿದ್ದರೆ, ಅಂಕಗಳು ಕಡಿಮೆಯಿದ್ದರೂ ಕುಲದ ಮಟ್ಟಿಗೆ ಅದನ್ನು ನಂಬಬಹುದು. ಹೆಸರುಗಳು ಬೇರೆ ಬೇರೆ ಕುಟುಂಬಗಳಿಗೆ (ಹಲವು ಕುಲಗಳು ಸೇರಿದ ದೊಡ್ಡ ಗುಂಪುಗಳಿಗೆ) ಚದುರಿದ್ದರೆ ಚಿತ್ರಗಳನ್ನೇ ಬದಲಿಸುವುದು ಲೇಸು.

ಕಿತ್ತು ತಂದ ಮರದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಕಾಂಡವನ್ನು ಮೋಟಾಗಿ ಕಡಿದ ಮೇಲೆ ಅದರಿಂದ ರಭಸವಾಗಿ ಒಡೆಯುವ ಚಿಗುರುಗಳ ಎಲೆಗಳು ಸಹಜ ಗಾತ್ರವನ್ನು ಮೀರಿ ಬೆಳೆಯುತ್ತವೆ, ಕೆಲವು ಮರಗಳಲ್ಲಿ ಅವುಗಳ ಆಕಾರವೂ ಬೇರೆಯಾಗಿರುತ್ತದೆ. ಆದ್ದರಿಂದ ಹಳೆಯ ರೆಂಬೆಯೇನಾದರೂ ಉಳಿದಿದ್ದರೆ ಅದರ ಎಲೆಯನ್ನೇ ಆರಿಸಬೇಕು. ಒಂಟಿ ಎಲೆಗಿಂತ ಕಡ್ಡಿಸಹಿತ ಚಿತ್ರ ಮೇಲು, ಏಕೆಂದರೆ ಎಲೆಗಳು ಎದುರುಬದುರಾಗಿವೆಯೋ ಒಂದುಬಿಟ್ಟೊಂದಾಗಿವೆಯೋ ಎಂಬುದು ಅದರಲ್ಲಿ ಮಾತ್ರ ಕಾಣುತ್ತದೆ. ಬೇವಿನಂತೆ ಒಂದೇ ಎಲೆ ಹಲವು ಕಿರುಎಲೆಗಳಾಗಿ ಒಡೆದಿರುವ ಮರಗಳಲ್ಲಿ ಇಡೀ ಎಲೆ ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ತೊಟ್ಟಿನ ಬುಡದಲ್ಲಿರುವ ಚಿಗುರುಮೊಗ್ಗು ತೋರಿಸಿಕೊಡುತ್ತದೆ. ಕಿರುಎಲೆಯ ಬುಡದಲ್ಲಿ ಮೊಗ್ಗಿರುವುದಿಲ್ಲ.

ತೊಗಟೆಯ ಚಿತ್ರದಿಂದ ಹೆಚ್ಚು ನಿರೀಕ್ಷಿಸಬಾರದು. ಬಿಳಿಯಾಗಿ ಕಾಗದದಂತೆ ಸುಲಿಯುವ ಬರ್ಚ್ ಮರದ ತೊಗಟೆ ತಾನೇ ಸಾಕ್ಷಿ ಹೇಳುತ್ತದೆ, ನಿಜ. ಆದರೆ ವಯಸ್ಸಾದಂತೆ ಬಿರಿದು ಒರಟಾಗುವ ಎಷ್ಟೋ ತೊಗಟೆಗಳು ಎಳೆಯದರಲ್ಲಿ ಒಂದೇ ಬಗೆಯ ಬೂದು ನುಣುಪಾಗಿರುತ್ತವೆ.

ಆ್ಯಪ್ ಪಟ್ಟಿಯನ್ನು ಕಿರಿದಾಗಿಸಿದ ಮೇಲೆ ಉಳಿದ ಪರೀಕ್ಷೆ ಕೈಯಿಂದಲೇ ನಡೆಯಬೇಕು, ಮತ್ತು ನನ್ನ ದೃಷ್ಟಿಯಲ್ಲಿ ಹೆಚ್ಚು ತೂಕವಿರುವುದು ಇದಕ್ಕೇ. ಎಲೆ ಕಿತ್ತಾಗ ಹಾಲು ಒಸರಿ, ಕಡ್ಡಿಯ ಗೆಣ್ಣಿನಲ್ಲಿ ಉಂಗುರದಂಥ ಗುರುತು ಕಂಡರೆ ಅದು ಆಲ, ಅತ್ತಿಗಳ ಕುಲದ್ದಾಗಿರುವ ಸಾಧ್ಯತೆ ಹೆಚ್ಚು. ಬೆಳಕಿಗೆ ಹಿಡಿದ ಎಲೆಯಲ್ಲಿ ಪಾರದರ್ಶಕ ಚುಕ್ಕಿಗಳು ಕಂಡು, ಹಿಸುಕಿದಾಗ ಘಮ ಬಂದರೆ ನಿಂಬೆಯ ಕುಟುಂಬವನ್ನು ಮೊದಲು ನೋಡಬೇಕು. ಎಲ್ಮ್ ಮತ್ತು ಹಾರ್ನ್‌ಬೀಮ್ ಮರಗಳ ಎಲೆಗಳು ಚಿತ್ರದಲ್ಲಿ ಅಣ್ಣತಮ್ಮಂದಿರಂತೆ ಕಂಡರೂ, ಎಲ್ಮ್ ಎಲೆಯ ಬುಡ ಸಾಮಾನ್ಯವಾಗಿ ಒಂದು ಪಕ್ಕಕ್ಕೆ ಇಳಿದಿರುತ್ತದೆ. ಘಮವನ್ನು ಯಾವ ಕ್ಯಾಮೆರಾವೂ ಹಿಡಿಯಲಾರದು.

ಕುಲವನ್ನು ತಿಳಿಯಲು ಈ ಆ್ಯಪನ್ನು ನಿಸ್ಸಂಕೋಚವಾಗಿ ಬಳಸಬಹುದು. ನೀರು, ಬಿಸಿಲು, ಸವರುವ ಕಾಲಗಳನ್ನು ನಿರ್ಧರಿಸಲು ಬಹುಮಟ್ಟಿಗೆ ಅಷ್ಟು ಸಾಕು. ಎಲೆಯೊಂದರಿಂದಲೇ ಪ್ರಭೇದದ ಹೆಸರು ಬರೆದು ಕುಂಡಕ್ಕೆ ಅಂಟಿಸುವ ಆತುರ ಬೇಡ.