ಕಣಕುಂಬಿ ಕಡೆ ಮಳೆಗಾಲಕ್ಕೆ ಹೊರಟವರು ಗೈಡಿಗೆ ಮುಂಗಡ ಕೊಡುವ ಮುಂಚೆ ಇದನ್ನು ಓದಿ

ಹೋದ ಜುಲೈನಲ್ಲಿ ನಾನು, ಭಾವ, ಅಕ್ಕನ ಮಗ ಮೂವರು ಬಾಗಲಕೋಟೆಯಿಂದ ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆ ಹೋಗಿದ್ದೆವು. ದೊಡ್ಡ ಆಸೆಯೇನೂ ಇರಲಿಲ್ಲ. ಪಟ್ಟದಕಲ್ಲು, ಐಹೊಳೆಯ ಪಕ್ಕ ಹರಿಯುವ ನಮ್ಮ ಮಲಪ್ರಭೆ ಹುಟ್ಟುವುದು ಕಣಕುಂಬಿಯಲ್ಲಿ, ಅದನ್ನೊಮ್ಮೆ ನೋಡಬೇಕು ಅಂತಷ್ಟೇ. ಅದಕ್ಕೆ ಯಾವ ಗೈಡೂ ಬೇಕಿಲ್ಲ. ಜಾಂಬೋಟಿ ದಾಟಿ ಚೋರ್ಲಾ ಘಾಟಿನ ರಸ್ತೆಯಲ್ಲೇ ಊರು ಸಿಗುತ್ತದೆ. ನೋಡಿದೆವು, ಕೈಮುಗಿದೆವು. ಅಲ್ಲಿಗೆ ಮುಗಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಉಳಿದುಕೊಂಡ ಜಾಗದಲ್ಲಿ ಒಬ್ಬ ಹುಡುಗನ ಪರಿಚಯ ಮಾಡಿಸಿದರು. "ಇಷ್ಟು ದೂರ ಬಂದೀರಿ, ಕಾಡೊಳಗಿನ ಫಾಲ್ಸ್ ನೋಡದ ಹೋಗ್ತೀರೇನ್ರಿ ಸರ?" ಅಂದ. ತಲೆಗೆ ಸಾವಿರದ ಐನೂರು. ಪರ್ಮಿಷನ್ ಇದೆಯಾ ಅಂದರೆ, "ಫಾರೆಸ್ಟಿನವ್ರೆಲ್ಲಾ ನಮ್ಮವ್ರ ಅದಾರ್ರಿ" ಅಂತ ನಕ್ಕ. ನಾನು ಅಲ್ಲೇ ಎದ್ದು ಬರಬೇಕಿತ್ತು. ಅಲ್ಲಿನ ಭೀಮಗಡದ ಕಾಡು 2011ರಿಂದ ವನ್ಯಧಾಮ. ಅನುಮತಿ ಇಲ್ಲದೆ ಒಳಗೆ ಹೋಗುವುದು 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ಸಿಕ್ಕಿಬಿದ್ದರೆ ಗೈಡ್ ಒಬ್ಬನೇ ಅಲ್ಲ, ಹಿಂದೆ ಹೋದವರೂ ಸಿಕ್ಕಿಬೀಳುತ್ತಾರೆ. ಕಾಗದ ತೋರಿಸು ಅಂತ ಕೇಳಲು ನನಗೆ ಅದೇನೋ ಸಂಕೋಚ.

ಆದರೆ ದುಡ್ಡಿನ ವಿಷಯಕ್ಕೆ ಸಂಕೋಚ ಇರಲಿಲ್ಲ ನೋಡಿ. ಮೂರು ಸಾವಿರ ಈಗ, ಉಳಿದ ಸಾವಿರದ ಐನೂರು ಫಾಲ್ಸ್ ನೋಡಿದ ಮೇಲೆ ಅಂದೆ. ಭಾರಿ ವ್ಯವಹಾರಸ್ಥನ ಹಾಗೆ. ಈ ಷರತ್ತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಬೆಳಿಗ್ಗೆ ಹುಡುಗನ ಜೊತೆ ಪ್ಲಾಸ್ಟಿಕ್ ಕೊಪ್ಪೆ ಹೊದ್ದ ಅರವತ್ತು ದಾಟಿದ ಒಬ್ಬರು ಬಂದರು. ಹುಡುಗ ಅವರನ್ನು ಕಾಕಾ ಅಂತಿದ್ದ, ನಾವೂ ಹಾಗೇ ಕರೆದೆವು. ಮನೆಮಾತು ಮರಾಠಿ, ಕನ್ನಡ ತುಸು ತಡವರಿಸುತ್ತಿತ್ತು. ಅರ್ಧ ಗಂಟೆ ನಡೆಯುವಷ್ಟರಲ್ಲಿ ಒಂದು ಗೊತ್ತಾಯಿತು. ದಾರಿ ಬಲ್ಲವರು ಕಾಕಾ ಒಬ್ಬರೇ. ಹುಡುಗ ಫೋಟೊ ತೆಗೆಯಲು ಮತ್ತು ಮಾತಾಡಲು ಇದ್ದ.

ಮೊದಲ ಹಳ್ಳದಲ್ಲಿ ಮೊಣಕಾಲುದ್ದ ನೀರು. ಮಳೆ ನಿಂತಿತ್ತು, ಸ್ವಲ್ಪ ಬೆಳಕೂ ಬಂದಿತ್ತು. ಕಾಕಾ ಮಾತ್ರ ದಡದಲ್ಲೇ ನಿಂತು ನೀರು ನೋಡಿದರು. "ಬ್ಯಾಡ್ರಿ ಸಾಹೇಬ್ರ. ನೀರಿನ ಬಣ್ಣ ನೋಡ್ರಿ. ಮ್ಯಾಲ ಮಳಿ ಭಾಳ ಆಗೇದ." ನಿಜಕ್ಕೂ ನೀರು ಕೆಂಪಗಾಗುತ್ತಿತ್ತು, ತರಗೆಲೆ, ಕಡ್ಡಿ ತೇಲಿ ಬರುತ್ತಿದ್ದವು. ಹುಡುಗ ಮರಾಠಿಯಲ್ಲಿ ಏನೋ ಗದರಿದ. ಕಾಕಾ ಸುಮ್ಮನಾದರು. ನಾವೂ ಹುಡುಗನ ಕಡೆಗೇ ವಾಲಿದೆವು. ದುಡ್ಡು ಇಸಿದುಕೊಂಡವನು ಅವನು, ಚೆನ್ನಾಗಿ ಕನ್ನಡ ಆಡುವವನೂ ಅವನೇ ಅಲ್ವಾ?

ನಮ್ಮದು ಒಣ ನೆಲ. ಬಾಗಲಕೋಟೆಯಲ್ಲಿ ಇಡೀ ವರ್ಷ ಬೀಳುವಷ್ಟು ಮಳೆ ಜುಲೈನಲ್ಲಿ ಅಲ್ಲಿ ಎರಡೇ ವಾರಕ್ಕೆ ಬೀಳುತ್ತದೆ. 2019ರ ಪ್ರವಾಹ ನಾವೂ ಕಂಡಿದ್ದೇವೆ, ಆದರೆ ಅದು ಡ್ಯಾಮಿನಿಂದ ಇಷ್ಟು ಬಿಟ್ಟರು, ಅಷ್ಟು ಬಿಟ್ಟರು ಅಂತ ಹೇಳಿ ಕೇಳಿ ಬಂದ ನೀರು. ಕಾಡಿನ ಹಳ್ಳಕ್ಕೆ ಡಂಗುರ ಇಲ್ಲ. ನೀವು ನಿಂತಲ್ಲಿ ಬಿಸಿಲಿದ್ದರೂ ಗುಡ್ಡದ ಮೇಲೆ ಸುರಿದದ್ದು ಇಳಿದು ಬರುತ್ತದೆ.

ಫಾಲ್ಸ್ ನೋಡಿದೆವು. ಮಂಜಿನಲ್ಲಿ ಸದ್ದು ಕೇಳಿಸಿದ್ದೇ ಜಾಸ್ತಿ. ಹುಡುಗ ಬಾಕಿ ದುಡ್ಡು ಕೇಳಿದ. ಅಲ್ಲಿ ನೆಟ್‌ವರ್ಕ್ ಇಲ್ಲ, ನೋಟು ಎಣಿಸಿ ಕೊಟ್ಟೆ. ವಾಪಸ್ ಬರುವಾಗ ಮಳೆ ಜೋರಾಯಿತು. ಹುಡುಗ ಮುಂದೆ ಮುಂದೆ ನಡೆದ. ನಾವು ಕಾಲಿನ ಇಂಬಳ ಕೀಳುತ್ತಾ ಹಳ್ಳ ತಲುಪುವ ಹೊತ್ತಿಗೆ ಅವನು ಆಚೆ ದಡದಲ್ಲಿದ್ದ. ನೀರು ಸೊಂಟದ ಹತ್ತಿರ ಬಂದಿತ್ತು. "ಕೈ ಕೈ ಹಿಡಕೊಂಡು ಬರ್ರಿ, ಏನಾಗಂಗಿಲ್ಲ" ಅಂತ ಕೂಗಿದ.

ಅಕ್ಕನ ಮಗ ಕಾಲಿಟ್ಟೇಬಿಟ್ಟ. ಎರಡನೇ ಹೆಜ್ಜೆಗೆ ಕಾಲು ಕಿತ್ತಿತು. ಕಾಕಾ ಅವನ ಬ್ಯಾಗಿನ ಪಟ್ಟಿ ಹಿಡಿದು ಎಳೆದರು, ಇಬ್ಬರೂ ಕಲ್ಲಿನ ಮೇಲೆ ಬಿದ್ದರು. ಅಕ್ಕನ ಮಗನ ಮೊಣಕೈ ತರಚಿಹೋಯಿತು, ಕಾಕಾನ ಹಣೆಯಿಂದ ರಕ್ತ. ಆಮೇಲೆ ಅವರು ನಮ್ಮನ್ನು ಕೇಳಲೇ ಇಲ್ಲ. "ಕೂಡ್ರಿ" ಅಂದರು. ಕೂತೆವು. ಆಚೆ ದಡದವನು ಸ್ವಲ್ಪ ಹೊತ್ತು ನೋಡಿ ಹೊರಟುಹೋದ. ಜನ ಕರೆತರಲು ಹೋಗಿರಬೇಕು ಅಂದುಕೊಂಡೆವು. ಯಾರೂ ಬರಲಿಲ್ಲ.

ನಾಲ್ಕು ತಾಸು. ಕಾಕಾ ನೀರಂಚಿಗೆ ಒಂದು ಕಡ್ಡಿ ನೆಟ್ಟು ಆಗಾಗ ಹೋಗಿ ನೋಡುತ್ತಿದ್ದರು. ಕಡ್ಡಿಯಿಂದ ನೀರು ಎರಡು ಮೊಳ ಹಿಂದೆ ಸರಿದ ಮೇಲೆ, ಇನ್ನೂ ಮೇಲಕ್ಕೆ ಹಳ್ಳ ಅಗಲವಾಗಿದ್ದ ಕಡೆ ಕರೆದೊಯ್ದು ದಾಟಿಸಿದರು. ಬ್ಯಾಗಿನ ಸೊಂಟಪಟ್ಟಿ ಬಿಚ್ಚಿಸಿದರು, ಬಿದ್ದರೆ ಬ್ಯಾಗ್ ಬಿಟ್ಟುಬಿಡಬೇಕು ಅಂತ.

ಇಷ್ಟಾದ ಮೇಲೆ ಆ ಹುಡುಗನನ್ನು ಬಯ್ಯುವುದು ಸುಲಭ. ಬೈದೆ ಕೂಡ, ನನ್ನ ನಂಬರ್ ಬ್ಲಾಕ್ ಮಾಡುವವರೆಗೆ. ಆದರೆ ಬೆಳಿಗ್ಗೆಯೇ ಹಿಂದಿರುಗಿದ್ದರೆ ಅವನಿಗೆ ಸಾವಿರದ ಐನೂರು ಖೋತಾ ಆಗುತ್ತಿತ್ತು. ಆ ಷರತ್ತು ಹಾಕಿದವನು ನಾನೇ. ಅದಕ್ಕೇ ಹೇಳುತ್ತಿದ್ದೇನೆ. ಅರಣ್ಯ ಇಲಾಖೆಯ ಅನುಮತಿ ಕಾಗದ ಕಣ್ಣಾರೆ ನೋಡಿ. ದಾರಿ ತೋರಿಸುವವರು ಯಾರು ಅಂತ ಕೇಳಿ, ಅವರ ಜೊತೆಗೇ ಮಾತಾಡಿ. ಅರ್ಧ ದಾರಿಗೆ ವಾಪಸ್ ಬಂದರೂ ಪೂರ್ತಿ ದುಡ್ಡು ಕೊಡುತ್ತೇವೆ ಅಂತ ಮೊದಲೇ ಹೇಳಿಬಿಡಿ.

ಕತ್ತಲಾದ ಮೇಲೆ ಊರು ಮುಟ್ಟಿದೆವು. ಚಹಾ ಕುಡಿಯುವಾಗ ಭಾವ ಕಾಕಾನನ್ನು, ನಿಮಗೆ ದಿನಕ್ಕೆಷ್ಟು ಕೊಡುತ್ತಾನೆ ಅಂತ ಕೇಳಿದರು. ಮುನ್ನೂರಂತೆ. ಅವತ್ತಿನದು ಇನ್ನೂ ಕೊಟ್ಟಿರಲಿಲ್ಲ.