ಗತಕಾಲಕ್ಕೆ ಎರಡು ದಾರಿ: ‘ಮಿಡ್‌ನೈಟ್ ಇನ್ ಪ್ಯಾರಿಸ್’ ಮತ್ತು ‘ಲಾ ಬೆಲ್ ಎಪೋಕ್’

ಕಳೆದ ಕಾಲದ ಹಂಬಲವನ್ನೇ ವಸ್ತುವಾಗಿಸಿಕೊಂಡ ಎರಡು ಪ್ರಣಯ ಹಾಸ್ಯಚಿತ್ರಗಳನ್ನು, ಅಂದರೆ ವುಡಿ ಅಲೆನ್ ಅವರ ‘ಮಿಡ್‌ನೈಟ್ ಇನ್ ಪ್ಯಾರಿಸ್’ (2011) ಮತ್ತು ನಿಕೊಲಾ ಬೆದೋಸ್ ಅವರ ಫ್ರೆಂಚ್ ಚಿತ್ರ ‘ಲಾ ಬೆಲ್ ಎಪೋಕ್’ (2019) ಅನ್ನು, ಪುಣೆಯ ನಮ್ಮ ಮನೆಯಲ್ಲಿ ಅಪ್ಪ ಮತ್ತು ಚಿಕ್ಕಮ್ಮನೊಂದಿಗೆ ಒಂದರ ಬೆನ್ನಿಗೊಂದು ನೋಡಿದೆ. ಒಂದನ್ನೇ ಆರಿಸಿಕೊಳ್ಳಬೇಕೆಂದರೆ ನನ್ನ ಆಯ್ಕೆ ಎರಡನೆಯದು.

ಮೊದಲನೆಯದರ ನಾಯಕ ಗಿಲ್ ಹಾಲಿವುಡ್‌ನ ಚಿತ್ರಕಥೆಗಾರ. ನಡುರಾತ್ರಿಯ ಗಂಟೆ ಹೊಡೆದಾಗ ಹಳೆಯ ಪ್ಯೂಜೋ ಕಾರೊಂದು ಬಂದು ಅವನನ್ನು 1920ರ ದಶಕದ ಪ್ಯಾರಿಸ್‌ಗೆ, ಲೇಖಕ ಹೆಮಿಂಗ್ವೇ, ಚಿತ್ರಕಲಾವಿದರಾದ ಪಿಕಾಸೊ, ಡಾಲಿ ಇವರ ನಡುವಿಗೆ ಕರೆದೊಯ್ಯುತ್ತದೆ. ಇದು ಹೇಗಾಯಿತೆಂದು ವಿವರಿಸುವ ಗೋಜಿಗೆ ಚಿತ್ರ ಹೋಗುವುದಿಲ್ಲ. ಹೋಗದಿರುವುದೇ ಅದರ ಸೊಗಸು. ಬೇಂದ್ರೆಯವರು ಓದಿ 1918ರಲ್ಲಿ ಬಿ.ಎ. ಪಡೆದ ಫರ್ಗುಸನ್ ಕಾಲೇಜಿನ ಮುಂದೆ ಹಾದುಹೋಗುವಾಗಲೆಲ್ಲ ಆ ದಿನಗಳಲ್ಲಿ ಅವರ ಮಾತನ್ನು ಕೇಳುವಂತಿದ್ದರೆ ಎಂದು ಆಸೆಪಡುವ ನನಗೆ ಗಿಲ್‌ನ ಹುಚ್ಚು ಸುಲಭವಾಗಿ ಅರ್ಥವಾಯಿತು. ಒಂದು ದೃಶ್ಯದಲ್ಲಿ ಅವನು ಸ್ಪೇನಿನ ಚಿತ್ರನಿರ್ದೇಶಕ, ಆಗಿನ್ನೂ ತರುಣ, ಬುನ್ಯುಯೆಲ್‌ಗೆ ಕತೆಯೊಂದನ್ನು ಸೂಚಿಸುತ್ತಾನೆ: ಔತಣಕ್ಕೆ ಬಂದವರು ಊಟ ಮುಗಿದ ಮೇಲೂ ಕೋಣೆ ಬಿಟ್ಟು ಹೊರಡಲಾರರು. ‘ಯಾಕೆ ಹೊರಡಲಾರರು?’ ಎಂದು ಬುನ್ಯುಯೆಲ್ ಗೊಂದಲದಿಂದ ಕೇಳುತ್ತಾರೆ. ಆ ಕತೆಯನ್ನು ಅವರೇ 1962ರಲ್ಲಿ ಚಿತ್ರವಾಗಿಸಿದ್ದು ಗೊತ್ತಿದ್ದ ಅಪ್ಪ ಜೋರಾಗಿ ನಕ್ಕರು; ಚಿಕ್ಕಮ್ಮನಿಗೆ ಅಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಈ ಚಿತ್ರದ ಹಾಸ್ಯ ಬಹುಮಟ್ಟಿಗೆ ನೋಡುವವರ ಓದನ್ನು ನೆಚ್ಚಿಕೊಂಡಿದೆ. ನನ್ನ ನಿಜವಾದ ತಕರಾರು ಬೇರೆ. ಗಿಲ್ ಮದುವೆಯಾಗಬೇಕಿರುವ ಇನೆಜ್‌ಳನ್ನು ಎಷ್ಟು ಒರಟಾಗಿ ಚಿತ್ರಿಸಲಾಗಿದೆಯೆಂದರೆ, ಅವಳನ್ನು ಬಿಟ್ಟುಬಿಡಲು ಅವನು ಏನನ್ನೂ ತೆರಬೇಕಾಗುವುದಿಲ್ಲ.

‘ಲಾ ಬೆಲ್ ಎಪೋಕ್’ನಲ್ಲಿ ಗತಕಾಲವನ್ನು ಬಡಗಿಗಳು, ದೀಪದವರು, ನಟರು ಸೇರಿ ಕಟ್ಟುತ್ತಾರೆ. ಪತ್ರಿಕೆಯ ಕೆಲಸ ಕಳೆದುಕೊಂಡ, ಹೆಂಡತಿ ಮನೆಯಿಂದ ಹೊರಹಾಕಿದ ವ್ಯಂಗ್ಯಚಿತ್ರಕಾರ ವಿಕ್ಟರ್, ಗಿರಾಕಿ ಕೇಳಿದ ಕಾಲವನ್ನು ಸೆಟ್ ಹಾಕಿ ಕೊಡುವ ಕಂಪನಿಯೊಂದರ ಬಳಿ 1974ರ ಮೇ 16ನ್ನು, ಲಿಯೋನ್‌ನ ಕೆಫೆಯಲ್ಲಿ ಆ ಹೆಂಡತಿಯನ್ನೇ ಮೊದಲು ಕಂಡ ದಿನವನ್ನು, ಕೇಳಿಕೊಳ್ಳುತ್ತಾನೆ. ಆ ಕಂಪನಿಯ ನಿರ್ದೇಶಕ ಮರೆಯಲ್ಲಿ ಕುಳಿತು ನಟರ ಕಿವಿಗೆ ಮಾತು ಊದುತ್ತಿರುತ್ತಾನೆ. ಎಲ್ಲವೂ ನಟನೆಯೆಂದು ವಿಕ್ಟರ್‌ಗೆ ಗೊತ್ತು; ಆದರೂ ಅವನ ಕಣ್ಣು ಅರಳುತ್ತದೆ, ಚಿತ್ರ ಬರೆಯುವ ಉಮೇದು ಮರಳುತ್ತದೆ. ಕಲೆಯ ಬಗ್ಗೆ ಗಿಲ್ ಮಾತಾಡುತ್ತಾನೆ, ವಿಕ್ಟರ್ ಕಾಗದದ ಮೇಲೆ ಅದನ್ನು ಮಾಡಿ ತೋರಿಸುತ್ತಾನೆ. ಹೆಂಡತಿ ಮರಿಯಾನ್ ಪಾತ್ರದಲ್ಲಿ ಫಾನಿ ಅರ್ದಾಂ ಸಿಟ್ಟು, ಬೇಸರ, ಹಳೆಯ ಅಕ್ಕರೆ ಮೂರನ್ನೂ ಒಂದೇ ನೋಟದಲ್ಲಿ ತರುತ್ತಾರೆ. ಈ ಪಾತ್ರಕ್ಕೆ ಅವರಿಗೆ ಫ್ರೆಂಚ್ ಚಿತ್ರರಂಗದ ಸೀಸರ್ ಪ್ರಶಸ್ತಿ ಬಂದದ್ದು ನ್ಯಾಯವೇ.

ಅಲೆನ್ ಚಿತ್ರ ಒಂದೂವರೆ ಗಂಟೆಯಲ್ಲಿ ಹಗುರವಾಗಿ ಮುಗಿಯುತ್ತದೆ. ಬೆದೋಸ್ ಅವರದು ಉದ್ದ, ಮಾತು ಬಿರುಸು, ಕೆಲವು ಕಡೆ ಒರಟು, ಮಕ್ಕಳೊಂದಿಗೆ ನೋಡುವಂಥದ್ದಲ್ಲ. ಇಂಗ್ಲಿಷ್ ಸಬ್‌ಟೈಟಲ್ ಓದಿ ಹೇಳಲು ನಾನು ಆಗಾಗ ಚಿತ್ರವನ್ನು ನಿಲ್ಲಿಸಬೇಕಾಯಿತು. ಹಾಗಿದ್ದೂ ಚಿಕ್ಕಮ್ಮ ಎದ್ದುಹೋಗಲಿಲ್ಲ. ಮರಿಯಾನ್ ಗಂಡನ ಮೇಲೆ ಸಿಡುಕಿದಾಗಲೆಲ್ಲ ಅವಳ ಪರವಾಗಿ ವಾದಿಸುತ್ತಿದ್ದರು.